ಕೆಂಪು ಚೀಟಿ

ಬೈತಖೋಲದ ಗಾಳಿ ಕಿಟಕಿ ಮುಚ್ಚಿದರೂ ಬರುತ್ತದೆ,
ಪ್ಲಗ್ಗಿನ ಹಿತ್ತಾಳೆಗೆ ಹಸಿರು ಹಚ್ಚಿ ಹೋಗುತ್ತದೆ.
ಸ್ಪಿರಿಟ್ಟಿನಲ್ಲಿ ಒರೆಸುತ್ತೇನೆ, ದಿನಾ.

ನಾಲ್ಕನೇ ಪಂಪು
ಗಂಟೆಗೆ ಐದು ಮಿಲಿ ಎಂದು ತೋರಿಸುತ್ತ
ಏಳು ಇಳಿಸುತ್ತಿದೆ.
ಗಾಜಿನ ಅಳತೆಗೊಳವೆ ಹಿಡಿದು
ಮೂರು ಸಲ ನೋಡಿದೆ. ಏಳೇ.

ಕೆಂಪು ಚೀಟಿ ಕಟ್ಟಿದೆ: ಬಳಸಬೇಡಿ.
‘ಇರೋದೇ ಆರು, ಶೇವಂತಿ’
ಸಿಸ್ಟರ್ ಮುಖ ಗಂಟಿಕ್ಕಿದರು.
ಗೊತ್ತು.

ಅಪ್ಪ ಬೋಟಿನ ಇಂಜಿನ್ನಿಗೆ ಕಿವಿಗೊಟ್ಟು
‘ಇವತ್ತು ಬೇಡ’ ಅಂದರೆ
ಇಡೀ ದಂಡೆ ಬೈಯುತ್ತಿತ್ತು.
ಅವತ್ತು ಮುಳುಗದ ಬೋಟಿನ ಲೆಕ್ಕ
ಯಾರೂ ಬರೆದಿಡಲಿಲ್ಲ.

ಒಂಬತ್ತನೇ ಮಂಚದ ಅಜ್ಜಿ ಕೇಳಿದಳು:
ಡಾಕ್ಟರೋ, ನರ್ಸೋ ನೀನು?
ಎರಡೂ ಅಲ್ಲ,
ನಿನ್ನ ಕೈಗಿಳಿವ ಹನಿ ಎಣಿಸುವವಳು.
‘ಹಾಗಾದರೆ ಈ ಫ್ಯಾನೂ ನೋಡು ಮಗಾ,
ಕಿರುಗುಟ್ಟುತ್ತದೆ.’

ಸ್ಟೂಲ್ ಎಳೆದುಕೊಂಡೆ.