ಹನ್ನೊಂದು ಹೆಜ್ಜೆ

ಮನೆ ನಂಬರು ಮೂವತ್ತೇಳು, ಬಾಳೂರು ಹೋಬಳಿ.
ಜೀಪು ನಿಲ್ಲುವಲ್ಲಿಂದ ನಲವತ್ತು ನಿಮಿಷ ಇಳಿಜಾರು.
ನಾನು ಅರಸೀಕೆರೆ ಕಡೆಯವಳು; ನೆಲ ನೇರ ಇರುತ್ತದೆಂದು
ನಂಬಿಕೊಂಡೇ ಬೆಳೆದ ಮೊಣಕಾಲುಗಳು ನನ್ನವು.
ಬಾಗಿಲ ಬಳಿ ಎರಡು ಗೂಟದ ಮೇಲೆ
ತಲೆಕೆಳಗಾಗಿ ಒಣಗುತ್ತಿದ್ದ ಗಂಬೂಟು.

ಹೆಸರು ದೇವೀರಮ್ಮ. ರೇಷನ್ ಕಾರ್ಡಿನಲ್ಲಿ ದೇವರಮ್ಮ.
ವಯಸ್ಸು? "ಕಾರ್ಡಲ್ಲಿರೋದೇ ಬರ್ಕಳಿ,
ಅದು ನಂಗಿಂತ ಚಿಕ್ದು."
ಕಸುಬು: ತೋಟದ ಕೂಲಿ. ಹಕ್ಕುಪತ್ರ: ಅರ್ಜಿ ಹಾಕಿದೆ,
ತೊಂಬತ್ನಾಲ್ಕು ಸಿ. ಅರ್ಜಿಗೀಗ ಒಂಬತ್ತು ವರ್ಷ,
ಸ್ಕೂಲಿಗೆ ಹಾಕಿದ್ದರೆ ನಾಲ್ಕನೇ ಕ್ಲಾಸು.

ಪ್ರಶ್ನೆ ಹದಿನಾಲ್ಕು: ಹತ್ತು ವರ್ಷದಲ್ಲಿ ಮಳೆ
ಹೆಚ್ಚಾಗಿದೆಯೇ, ಕಡಿಮೆಯಾಗಿದೆಯೇ, ಗೊತ್ತಿಲ್ಲವೇ?
ಮೂರನ್ನೂ ಪಕ್ಕಕ್ಕೆ ಸರಿಸಿದಳು,
ಮೊರದಲ್ಲಿ ಕಲ್ಲು ಸರಿಸಿದ ಹಾಗೆ.
"ಇಂಚು ಸೆಂಟು ಬೇಕಾದ್ರೆ ರೈಟರ್ ಡಿಸೋಜರನ್ನ ಕೇಳಿ,
ಬೆಳಿಗ್ಗೆ ಎಂಟಕ್ಕೆ ಡಬ್ಬಿ ಬಗ್ಗಿಸಿ ಅಳೀತಾರೆ.
ನಂದು ಚೀಲದ ಲೆಕ್ಕ.
ಹೂಮಳೆ ಒಂದೇ ಸಲ ಹೊಯ್ದ್ರೆ
ಗಿಡ ಒಂದೇ ಸಲ ಹೂ ಬಿಡತ್ತೆ,
ಹಣ್ಣು ಒಟ್ಟಿಗೇ ಕೆಂಪಾಗತ್ತೆ.
ದಿನಕ್ಕೆ ನೂರು ಕೆಜಿ ಕುಯ್ದವಳು ನಾನು.
ಈಗ ಜನವರಿಗೆ ನಾಕು ಹನಿ, ಮಾರ್ಚಿಗೆ ನಾಕು,
ಒಂದೇ ಕೊಂಬೇಲಿ ಕಾಯಿ, ದೋರೆ, ಹಣ್ಣು, ಒಣಗಿ ಕಪ್ಪಾಗಿದ್ದು.
ಆರಿಸಿ ಆರಿಸಿ ಕುಯ್ಬೇಕು. ಸಂಜೆ ತಕ್ಕಡೀಲಿ ನಲವತ್ತು.
ಕೂಲಿ ಕೆಜಿ ಲೆಕ್ಕ ತಾನೇ?
ಮಳೆ ಜಾಸ್ತಿಯೋ ಕಮ್ಮಿಯೋ ಏನಂತ ಹೇಳ್ಲಿ,
ಅದಕ್ಕೆ ತಾರೀಖು ಮರ್ತೋಗಿದೆ."
ನಾನು 'ಕಡಿಮೆ' ಒತ್ತಿದೆ. ಅಳಿಸಿ 'ಹೆಚ್ಚು' ಒತ್ತಿದೆ.
ಟ್ಯಾಬು ಎರಡಕ್ಕೂ ತಲೆಯಾಡಿಸಿತು.

ಮುಂದಿನ ಭಾಗದ ತಲೆಬರಹ: ದುರ್ಬಲತೆ.
ಮೈಸೂರಿನ ತರಬೇತಿಯಲ್ಲಿ ಈ ಒಂದು ಪದಕ್ಕೆ
ಮಧ್ಯಾಹ್ನದ ಊಟ ತಡವಾಗಿತ್ತು. ಬೇರೆ ಸಿಗಲಿಲ್ಲ,
ಯಾರಿಗೂ ಒಪ್ಪಿಗೆಯಿಲ್ಲದ್ದೇ ಉಳಿಯಿತು.
ಗಟ್ಟಿಯಾಗಿ ಓದಿದೆ.
ತುಂಬಿದ ಕೊಡ ಸೊಂಟಕ್ಕೇರಿಸುತ್ತ
"ಯಾರು?" ಅಂದಳು.

ಕೊನೆಯದು: ಮನೆಯಿಂದ ಹತ್ತಿರದ ಕುಸಿತಕ್ಕೆ
ಎಷ್ಟು ಮೀಟರು?
ಉತ್ತರ ಸಿಗದಿದ್ದರೆ ತೊಂಬತ್ತೊಂಬತ್ತು ಒತ್ತಬೇಕು.
ಅವಳು ಗಂಬೂಟು ಕೊಡವಿ ಹಾಕಿಕೊಂಡಳು,
ಒಳಹೋಗಿ ಒಲೆಗೆ ಬೆನ್ನು ಮಾಡಿ ನಿಂತಳು,
ನಡೆದಳು.
ಹಿತ್ತಿಲ ಬಾಗಿಲು, ಬಚ್ಚಲು, ಕೆಸುವಿನ ಮಡಿ,
ಕೋಳಿಗೂಡಿನ ನಾಲ್ಕು ಗೂಟದಲ್ಲಿ ಉಳಿದ ಎರಡು.
ಅಲ್ಲಿಗೆ ನೆಲ ಮುಗಿಯಿತು.
ಕೆಳಗೆ ಕೆಂಪು. ಬೇರು ಮೇಲಾದ ಸಿಲ್ವರ್ ಮರ.
"ಹನ್ನೊಂದು. ಆಶ್ಲೇಷಕ್ಕೆ ಮುಂಚೆ ಹದಿನಾಲ್ಕಿತ್ತು.
ಮೀಟರಿಗೆ ನೀವೇ ಮಾಡ್ಕಳಿ."

ವರ್ಷಾ ವರ್ಷ ಅಳೀತೀರಾ? (ಇದು ಫಾರಮ್ಮಿನಲ್ಲಿಲ್ಲ.)
"ಅಳೆಯೋದೇನು ಬಂತು. ರಾತ್ರಿ ಜೋರು ಹೊಯ್ದ್ರೆ
ಎದ್ದು ನಡೀತೀನಿ. ಕರೆಂಟಿರಲ್ಲ.
ಕತ್ಲಲ್ಲಿ ಕಾಲಿಗೆ ಲೆಕ್ಕ ಗೊತ್ತಿರ್ಬೇಕು,
ಹನ್ನೆರಡನೇದು ಇಡಬಾರ್ದು."

ಬೆಲ್ಲದ ಕಾಫಿ ಕೊಟ್ಟು ಕೇಳಿದಳು:
ನಿಮ್ಮ ಕೆಲಸ ಪರ್ಮನೆಂಟಾ?
ಇಲ್ಲ, ಮಾರ್ಚಿಗೆ ಮುಗಿಯುತ್ತೆ.
ಆಮೇಲೆ?
ಲೋಟದ ತಳದಲ್ಲಿ ಪುಡಿ ಕೂತಿತ್ತು, ಅದನ್ನೇ ನೋಡಿದೆ.
ಅವಳ ಕೈಲಿ ಟ್ಯಾಬಿದ್ದಿದ್ದರೆ
ತೊಂಬತ್ತೊಂಬತ್ತು ಒತ್ತುತ್ತಿದ್ದಳು.
"ಇನ್ನೊಂಚೂರು ಹಾಕ್ಲಾ?" ಅಂದಳು.

ರಾತ್ರಿ, ಕೊಟ್ಟಿಗೆಹಾರದ ಲಾಡ್ಜು.
ಆ ಚೌಕ ಹೆಜ್ಜೆಯನ್ನು ಒಪ್ಪುವುದಿಲ್ಲ.
ಕೆಸುವಿನ ಮಡಿ ಬಳಸಿ ನಾನೂ ನಡೆದಿದ್ದೆ:
ನನ್ನ ಕಾಲಿಗೆ ಒಂಬತ್ತು.
ಅದೂ ಅಲ್ಲದೆ ಫಾರಮ್ಮು ಕೇಳುವುದು ಗೋಡೆಯಿಂದ,
ಅವಳು ಅಳೆಯುವುದು ಒಲೆಯಿಂದ.
ಮೇಲಿನವರು ಕೇಳುತ್ತಾರೆ, ಸರಿಪಡಿಸಿ ಕಳಿಸಿ ಅನ್ನುತ್ತಾರೆ.

ಡಿಸೆಂಬರ್ ಹದಿನಾಲ್ಕು. ಕೆಳಗೆ ಅಂಗಳದಲ್ಲಿ
ಯಾರೋ ಕೂಗಿದರು, ಟಾರ್ಚು ಓಡಾಡಿತು,
ಹರಡಿದ ಕಾಫಿಯ ಮೇಲೆ ಟಾರ್ಪಾಲು ಎಳೆಯುವ ಸದ್ದು.
ಚೌಕದಲ್ಲಿ ಗೆರೆ ಮಿಣುಕುತ್ತಿದೆ.
ಈಗವಳು ಎದ್ದಿರಬೇಕು.