ನೂರಕ್ಕೆ ನೂರು

ತಾಲ್ಲೂಕು ಕಚೇರಿಯ ಫ್ಯಾನಿನಡಿ ಹೇಳಿಕೊಟ್ಟಿದ್ದರು:
ಹದಿನೈದು ತುಂಬದವರು ಒಂದು ಗುಂಪು,
ಅರವತ್ನಾಲ್ಕು ದಾಟಿದವರು ಇನ್ನೊಂದು.
ಎರಡನ್ನೂ ಕೂಡಿಸಿ, ನಡುವಿನವರಿಂದ ಭಾಗಿಸಿ,
ನೂರರಿಂದ ಗುಣಿಸಿ.
ಬಂದದ್ದು ಅವಲಂಬನೆಯ ಅನುಪಾತ.
ಅಂದರೆ, ಎಂದ ಆ ಎಳೆಯ ಅಧಿಕಾರಿ,
ದುಡಿಯುವ ಹೆಗಲ ಮೇಲಿನ ಹೊರೆ.

ಹೊರೆ, ಎಂದು ಬರೆದುಕೊಂಡೆ.
ಮೂವತ್ತೊಂದು ವರ್ಷ ಮಗ್ಗಿ ಒಪ್ಪಿಸಿಕೊಂಡವಳಿಗೆ
ಭಾಗಾಕಾರ ಹೊಸದಲ್ಲ.

ಮತ್ತಿಗಡ್ಡೆಗೆ ಸೇತುವೆ ಇಲ್ಲ.
ಶ್ರೀರಂಗಪಟ್ಟಣದಿಂದ ಆಟೋ, ಆಮೇಲೆ ಕಬ್ಬಿನ ಗದ್ದೆಯ ಬದು,
ಆಮೇಲೆ ಹರಿಗೋಲು.
ಸಿಂಗ್ರಯ್ಯ ಹುಟ್ಟು ಹಾಕುತ್ತಿದ್ದ.
ಭಾನುವಾರವಾದ್ದರಿಂದ ಮೊಮ್ಮಗಳು ತನುಜಳೂ ಇದ್ದಳು,
ತಳಕ್ಕೆ ಜಿನುಗಿದ ನೀರನ್ನು ಕರಟದಲ್ಲಿ ಮೊಗೆದು ಚೆಲ್ಲುತ್ತ.
ನನ್ನೆದುರು, ರಾತ್ರಿಯೆಲ್ಲ ಪಟ್ಟಣದಲ್ಲಿ ಕಳೆದ ಮರಿಸ್ವಾಮಿ,
ಬಾಯಿ ತೆರೆದು ನಿದ್ದೆ.

ಹದಿನಾಲ್ಕು ಮನೆ, ಮೂರಕ್ಕೆ ಬೀಗ.
ಹಳೆಯ ಪಟ್ಟಿಯಲ್ಲಿ ಎಪ್ಪತ್ತೊಂದು ಜನ,
ಮಕ್ಕಳೇ ಇಪ್ಪತ್ತೊಂಬತ್ತು.
ಈಗ ಒಟ್ಟು ನಲವತ್ತು. ಮಕ್ಕಳು ಆರು.
ಉಳಿದವರೆಲ್ಲಿ ಅಂದರೆ
ಪುಟ್ಟಮಾದಮ್ಮ ಅವರೆಕಾಯಿ ಸುಲಿಯುತ್ತಲೇ,
"ಸತ್ತೋರು ಏಳೆಂಟು ಜನ ಕನವ್ವ. ಮಿಕ್ಕೋರೆಲ್ಲ ಆಚೆ ದಡುಕ್ಕೋದ್ರು.
ಬೈಕು ನಿಲ್ಸಕ್ಕೆ ಜಾಗ ಬೇಕಲ್ಲ" ಎಂದಳು.
ಹೆಣ್ಣು ಕೇಳಹೋದರೆ ಮದ್ದೂರು ಕಡೆಯವರು
ಮೊದಲು ವಿಚಾರಿಸುವುದು ಜಮೀನಲ್ಲ, ಸೇತುವೆ.
ಇಲ್ಲಿಂದ ಹೋಗಬೇಕಾದವರು ಹೋದರು,
ಇಲ್ಲಿಗೆ ಬರಬೇಕಾದವರು ಬರಲಿಲ್ಲ.
ನಡುಗಡ್ಡೆಗೆ ನಡುವೇ ಸಣ್ಣಗಾಯಿತು.
ಕಡೆಯ ಬಾಣಂತನವಾಗಿ ನಾಲ್ಕು ವರ್ಷ;
ಆ ಊರಲ್ಲಿ ಈಗ ಹುಟ್ಟು ಅಂದರೆ
ಸಿಂಗ್ರಯ್ಯನ ಕೈಯಲ್ಲಿರುವುದೊಂದೇ.

ಮತ್ತಿಮರದ ಬುಡದಲ್ಲಿ ಕೂತು ಕೂಡಿಸಿದೆ.
ಆರು, ಹದಿನಾಲ್ಕು: ಇಪ್ಪತ್ತು.
ನಡುವಿನವರೂ ಇಪ್ಪತ್ತು.
ನೂರಕ್ಕೆ ನೂರು!
ಇಷ್ಟು ವರ್ಷದಲ್ಲಿ ಯಾರಿಗೂ ಕೊಡದ ಅಂಕ;
ಅಬ್ದುಲ್ ಗಫೂರನಿಗೊಮ್ಮೆ ತೊಂಬತ್ತೆಂಟು ಕೊಟ್ಟಿದ್ದೆ,
ಕೈಬರಹಕ್ಕೆ ಎರಡು ಹಿಡಿದಿದ್ದೆ.

ಆಮೇಲೆ ಸರಿಯಾಗಿದೆಯೇ ಎಂದು ಮೇಲಿಂದ ಓದತೊಡಗಿದೆ.
ಚೆನ್ನಂಕೇಗೌಡ, ಅರವತ್ಮೂರು. ಲಕ್ವ ಹೊಡೆದು
ಎಂಟು ವರ್ಷದಿಂದ ಮಂಚ ಬಿಟ್ಟಿಳಿದಿಲ್ಲ. ನಡುವಿನವನು.
ಅವನನ್ನು ಎತ್ತಿ ಗೋಡೆಗೊರಗಿಸಿ ಗಂಜಿ ಕುಡಿಸುವ ಅಕ್ಕ,
ಎಪ್ಪತ್ತು. ಹೊರೆ.
ಫಾರಂ ಮಡಚಿ ಚೀಲಕ್ಕೆ ಹಾಕಿದೆ.
ತಪ್ಪೇನೂ ಇರಲಿಲ್ಲ.

ವಾಪಸು ಹೊರಟಾಗ ಕನ್ನಂಬಾಡಿಯಿಂದ ನೀರು ಬಿಟ್ಟಿದ್ದರು.
ಹೊಳೆ ಕೆಂಪಗಾಗಿ, ಕಸಕಡ್ಡಿ ಹೊತ್ತು,
ಹರಿಗೋಲನ್ನು ಗಿರ್ರನೆ ಒಂದು ಸುತ್ತು ಸುತ್ತಿಸಿತು.
ಮರಿಸ್ವಾಮಿ ಮತ್ತೆ ಪಟ್ಟಣಕ್ಕೆ, ಈ ಸಲ ಎಚ್ಚರವಾಗಿ,
ಅಂಚನ್ನು ಎರಡೂ ಕೈಲಿ ಹಿಡಿದು.
ತನುಜ ಬಗ್ಗಿ ಬಗ್ಗಿ ಕರಟ ತುಂಬುತ್ತಿದ್ದಳು.
ಮುದುಕನ ಕುತ್ತಿಗೆಯ ನರ ಉಬ್ಬಿತ್ತು.

ಅಂಕಣಗಳು ತಾವಾಗಿ ತುಂಬಿಕೊಂಡವು:
ಸಿಂಗ್ರಯ್ಯ ಅರವತ್ತೇಳು. ತನುಜ ಹದಿಮೂರು.
ಮರಿಸ್ವಾಮಿ ಮೂವತ್ನಾಲ್ಕು. ನಾನು ಐವತ್ತೊಂಬತ್ತು.
ಇಲ್ಲೂ ಎರಡಕ್ಕೆ ಎರಡು.
ಹೊರುವವರು ನಾವಿಬ್ಬರು, ಸುಮ್ಮನೆ ಕೂತು;
ಹೊರೆಗಳು ನಮ್ಮನ್ನು ದಾಟಿಸುತ್ತಿದ್ದವು.

"ನನ್ನ ಯಾವ ಕಡೆ ಬರ್ಕೊಂಡ್ರವ್ವ?"
ಉಸಿರು ಬಿಡುವಷ್ಟು ನೀರು ಸಿಕ್ಕಾಗ ಕೇಳಿದ.
ಹೊಳೆಯ ಸದ್ದಿಗೆ ಕೇಳಿಸಲಿಲ್ಲವೆಂಬಂತೆ ಕೂತೆ.
ಮಕ್ಕಳು ಹೀಗೆ ಕೂತರೆ ಬೆತ್ತ ತೋರಿಸುತ್ತಿದ್ದೆ.

ದಡ ಬಂತು. ಐವತ್ತರ ನೋಟಿಗೆ ಚಿಲ್ಲರೆ ಇರಲಿಲ್ಲ.
"ನಾಳಿಕ್ಕೆ ಕೊಡಿ ಬುಡಿ."
"ನಾಳೆ ಬರಲ್ಲ ಕಣಪ್ಪ. ಲೆಕ್ಕ ಮುಗೀತು."
"ಮುಗೀತಾ?" ಎಂದು ಬೀಡಿ ಹಚ್ಚಿದ.

ತನುಜ ಬರುವಾಗಲೇ ಫಾರಮ್ಮನ್ನು ಓರೆಗಣ್ಣಲ್ಲಿ ಓದಿದ್ದಳು.
"ಟೀಚರ್, ನಿಮಗೆಷ್ಟು?"
ಹೇಳಿದೆ. ಬೆರಳು ಮಡಚಿದಳು.
"ನಿಮಗಿನ್ನಾರು ವರ್ಷ. ನಂಗೆ ಎರಡು."

ಅಜ್ಜನ ಕೈಯಿಂದ ಹುಟ್ಟು ಇಸಕೊಂಡು
ಕೆಸರಿಗೆ ಊರಿ, ನಾನು ಇಳಿಯುವವರೆಗೂ
ಹರಿಗೋಲು ಅಲುಗದ ಹಾಗೆ
ಒತ್ತಿ ಹಿಡಿದು ನಿಂತಳು.