ಹಿಂದಿನ ಸಿಲಿಂಡರು

ಬಾಕಿಯ ಬದಲಿಗೆ ಬಂದ ಗಾಡಿ ಇದು.
ಹಡಗಿನ ಎಂಜಿನಿಯರ್ ಬ್ರಾಜ್, ಆರು ಬಳೆ ಮಾಡಿಸಿಕೊಂಡವನು,
ಎರಡು ಮಳೆಗಾಲ ಸತಾಯಿಸಿ
ಕೊನೆಗೆ ಕೀಲಿಕೈ ತಂದು ನನ್ನ ತಕ್ಕಡಿಯಲ್ಲಿಟ್ಟ.
ತಟ್ಟೆ ಕೆಳಗೆ ಹೋಯಿತು. ನಾನೂ ಒಪ್ಪಿದೆ.

ಮಡಗಾಂವಿನ ಪೇಟೆಯಲ್ಲಿ ಐವತ್ತೇಳರ ಅಕ್ಕಸಾಲಿ
ಕ್ರೂಸರ್ ಮೇಲೆ ಕಾಲು ಚಾಚಿ ಕೂತರೆ ನಗದವರು ಯಾರು?
ಮೀನಿನವಳು ಕೂಡ ಬಂಗಡೆ ಬಿಟ್ಟು ನೋಡಿದಳು.
ನಗಲಿ ಎಂದು ಹ್ಯಾಂಡಲ್ ಇನ್ನೂ ಎತ್ತರಿಸಿದೆ,
ಸೀಟು ಎರಡು ಬೆರಳು ಇಳಿಸಿದೆ,
ಸೈಲೆನ್ಸರ್ ಕಿತ್ತು ನೇರ ಕೊಳವೆ ಹಾಕಿಸಿದೆ.
ಆಮೇಲೆ ನನ್ನ ಕೈ ಸುಮ್ಮನಿರಬೇಕಲ್ಲ,
ಹಿತ್ತಾಳೆ ತಗಡು ಕಾಯಿಸಿ, ಬಡಿದು, ಮತ್ತೆ ಕಾಯಿಸಿ
ಎಂಜಿನ್ನಿನ ಎರಡೂ ಮಗ್ಗುಲಿಗೆ ಕವಚ ಮಾಡಿದೆ.
ಅಂಚಿಗೆ ಬಳ್ಳಿ, ನಡುವೆ ಏಡಿ.
ನವಿಲು ಬಹಳ ಮಾಡಿದ್ದೇನೆ, ಸಾಕು.

ಏಪ್ರಿಲಿನಲ್ಲಿ, ಯಾಕೆ ಆ ದಾರಿ ಹಿಡಿದೆನೋ,
ಬೋರಿಯ ಸೇತುವೆಯ ಬಾಯಲ್ಲಿ
ಲಾರಿಗಳ ಹಿಂದೆ ಅರ್ಧ ಗಂಟೆ ನಿಂತೆ.
ಬಲತೊಡೆಯ ಒಳಗೆ ಚರ್ಮ ಮೊದಲು ಚುರ್ ಅಂದಿತು,
ಆಮೇಲೆ ಏನೂ ಅನ್ನಲಿಲ್ಲ.
ಅದೇ ಕೆಟ್ಟದ್ದು, ನಮ್ಮ ಕಸುಬಿನವರಿಗೆ ಗೊತ್ತು.
ದಾಟದೆಯೇ ತಿರುಗಿ ಬಂದೆ.
ನಾಣ್ಯದಗಲ ಬೊಬ್ಬೆಗೆ ಲೋಳೆಸರ ಹಚ್ಚುತ್ತ ಸುಲೋಚನೆ
"ಬೆಂಕಿಯ ಮುಂದೆ ನಲವತ್ತು ವರ್ಷ ಕೂತದ್ದು ಸಾಲಲಿಲ್ಲವೇ,
ಈಗ ಅದರ ಮೇಲೇ ಕೂರಬೇಕೇ" ಎಂದಳು.

ಇನಾಸ್ ಮೇಸ್ತ್ರಿ ಮಾತಾಡದೆ ಕೊಳವೆ ತೋರಿಸಿದ.
ಬಣ್ಣ ನನಗೆ ಓದಲು ಬರುತ್ತದೆ:
ಎಂಜಿನ್ನಿಗೆ ಹತ್ತಿರ ನೀಲಿ, ಆಚೆಗೆ ನೇರಳೆ,
ಇನ್ನೂ ಆಚೆಗೆ ಒಣಹುಲ್ಲಿನ ಹಳದಿ.
ಉಕ್ಕು ಇಷ್ಟು ನೀಲಿಯಾಗಲು ಎಷ್ಟು ಉರಿ ಬೇಕೆಂದು
ಉಳಿ ಹದಮಾಡುವ ಯಾರನ್ನಾದರೂ ಕೇಳಿ.
"ಕೊಳವೆ ಬಿಚ್ಚಿದಿ, ಗಾಳಿ ಹೆಚ್ಚಾಯಿತು. ಪೆಟ್ರೋಲು ಮೊದಲಿನಷ್ಟೇ.
ಹಸಿದ ಎಂಜಿನ್ನು, ಶೇಟ್. ಹಸಿದದ್ದು ಸುಡುತ್ತದೆ."
ಕಾರ್ಬ್ಯುರೇಟರಿನ ಜೆಟ್ ಒಂದನ್ನು ನನ್ನ ಅಂಗೈಗೆ ಹಾಕಿದ,
ಮೂಗುಬೊಟ್ಟಿನ ತಿರುಪಿಗಿಂತ ದೊಡ್ಡದಲ್ಲ;
ಅದರ ತೂತು ಕೂದಲೆಳೆಯಷ್ಟು ಹಿರಿದಾಗಬೇಕು, ಅಷ್ಟೇ.
ಎಣ್ಣೆ ತಣಿಸಲು ಮುಂದೊಂದು ಪುಟ್ಟ ಕೂಲರ್.
ಕೊನೆಗೆ ನನ್ನ ಏಡಿಯ ಮೇಲೆ ಸ್ಪ್ಯಾನರ್ ತಟ್ಟಿ:
"ಇದು ಚೆಂದ. ಕೊಲ್ಲುತ್ತಿರುವುದೂ ಇದೇ.
ಮುಂದಿನ ಸಿಲಿಂಡರು ಗಾಳಿಯೆಲ್ಲ ಕುಡಿಯುತ್ತದೆ,
ಹಿಂದಿನದಕ್ಕೆ ಸಿಗುವುದು ಅದು ಬಿಟ್ಟ ಬಿಸಿಯುಸಿರು.
ಅದಕ್ಕೂ ನೀನು ಬಾಗಿಲು ಹಾಕಿದ್ದೀ."

ಆ ರಾತ್ರಿ ನಿದ್ದೆ ಬರಲಿಲ್ಲ. ಬೊಬ್ಬೆಯ ಉರಿ ಎಂದುಕೊಂಡೆ.

ಇಪ್ಪತ್ತೆರಡು ವರ್ಷ ನನ್ನ ಹಿಂದೆ ಕೂತವನು ತಮ್ಮ ದತ್ತಾರಾಮ.
ಕಿಟಕಿ ನನ್ನ ಕಡೆ, ಕುಲುಮೆ ಅವನ ಕಡೆ.
ಹರಳು ಕೂರಿಸುವವನು ಅವನು,
ಗಿರಾಕಿಯ ಕೈಗಿಡುವವನು ನಾನು. ಬೋರ್ಡಿನಲ್ಲಿ ನನ್ನ ಹೆಸರು.
ಒಂದು ಮಧ್ಯಾಹ್ನ ಚಿಮಟ ಕೆಳಗಿಟ್ಟು ಎದ್ದುಹೋದ.
ಫೋಂಡಾದಲ್ಲಿ ಗಡಿಯಾರ ರಿಪೇರಿ ಮಾಡುತ್ತಾನಂತೆ.
ಒಂಬತ್ತು ವರ್ಷದಿಂದ 'ಅಂತೆ' ಎಂದೇ ಹೇಳುತ್ತಿದ್ದೇನೆ.

ಕವಚ ಬಿಚ್ಚಿ, ಮೇಜಿಗೆ ಕಚ್ಚಿಸಿ
ಜಾಲರಿ ಕೊರೆಯಲು ಕೂತೆ.
ಗರಗಸದ ಹನ್ನೊಂದು ಅಲಗು ಮುರಿದವು.
ಬಳ್ಳಿಯ ಎಲೆಎಲೆಗೂ ತೂತು, ಏಡಿಯ ಬೆನ್ನಿಗೆ ತೂತು.
ಎಷ್ಟೆಂದು ಎಣಿಸಲಿಲ್ಲ. ಗಾಳಿ ಎಣಿಸಿಕೊಳ್ಳಲಿ.

ಮತ್ತೆ ಅದೇ ಸೇತುವೆ, ಅವೇ ಲಾರಿಗಳು.
ಕೆಳಗೆ ಜುವಾರಿಗೆ ಭರತದ ನೀರು ಏರುತ್ತಿತ್ತು.
ಬಿಸಿ ಇತ್ತು, ಇಲ್ಲವೆಂದರೆ ಸುಳ್ಳು;
ತೊಡೆ ತಾಳಿಕೊಂಡಿತು.

ಗಡಿಯಾರದಂಗಡಿಯ ಮುಂದೆ ಎಂಜಿನ್ ಆರಿಸಿದೆ.
ತಣಿಯುವ ಲೋಹ ಟಿಕ್, ಟಿಕ್ ಎನ್ನುತ್ತಿತ್ತು,
ಒಳಗೆ ಗೋಡೆ ತುಂಬ ಅದೇ ಸದ್ದು.
ದತ್ತು ಹೊರಗೆ ಬಂದ. ನನ್ನ ಮುಖ ನೋಡಲಿಲ್ಲ.
ಕಣ್ಣಿಗೆ ಕಚ್ಚಿದ ಭೂತಗನ್ನಡಿ ತೆಗೆಯದೆಯೇ
ಕುಕ್ಕರಗಾಲಲ್ಲಿ ಕೂತು
ಕೈಯ ಹಿಂಬದಿಯನ್ನು ಹಿಂದಿನ ಸಿಲಿಂಡರಿನ ಹತ್ತಿರ ಹಿಡಿದ,
ಮೂಸೆಯ ಕಾವು ನೋಡುವ ಹಾಗೆ,
ಬಹಳ ಹೊತ್ತು.
ಆಮೇಲೆ ಏಡಿಯ ಎಡದ ಕೊಂಡಿಗೆ ಉಗುರಿಟ್ಟು ಹೇಳಿದ:
"ಇಲ್ಲಿ ಗರಗಸ ಜಾರಿದೆ."